ಡೈರಿ ಮುಂದಿನ ಕಂಬ ಮತ್ತು ಹೊಸ ಫೋನು

ಹೊಸ ಫೋನುಗಳನ್ನು ಹಂಚಿದ ದಿನ ನಮ್ಮ ಸೆಕ್ಷನ್ ಆಫೀಸಿನ ವರಾಂಡದಲ್ಲಿ ನಾವು ನಾಲ್ಕೇ ಜನ ಇದ್ದೆವು. ಮೇಜಿನ ಹಿಂದೆ ಜೂನಿಯರ್ ಎಂಜಿನಿಯರ್ ಪ್ರಶಾಂತ್ ಸಾಹೇಬರು. ಅವರ ಪಕ್ಕದ ಸ್ಟೂಲಿನ ಮೇಲೆ ಸಬ್‌ಸ್ಟೇಷನ್ನಿನ ಆಪರೇಟರ್ ಸಾವಿತ್ರಮ್ಮ. ಪಾಳಿ ಮುಗಿಸಿಕೊಂಡು ನೇರವಾಗಿ ಬಂದಿದ್ದರು, ಮುಖದಲ್ಲಿ ನಿದ್ದೆ ಇತ್ತು. ಎದುರಿನ ಬೆಂಚಿನ ಮೇಲೆ ನಾನು ಮತ್ತು ಮುನಿರಾಜು. ನಾವಿಬ್ಬರೂ ಒಂದೇ ವರ್ಷ ಲೈನ್‌ಮ್ಯಾನ್ ಕೆಲಸಕ್ಕೆ ಸೇರಿದವರು, ಒಂದೇ ಏಣಿಯ ಎರಡು ತುದಿ ಹೊತ್ತವರು. ಮಧುರೆ ಹೋಬಳಿಯಲ್ಲಿ ನಾನು ಹತ್ತದ ಕಂಬವಿದ್ದರೆ ಅದನ್ನು ಅವನು ಹತ್ತಿರುತ್ತಾನೆ.

"ಇನ್ಮೇಲೆ ಎಲ್ಲಾ ಇದ್ರಲ್ಲೇ ಕಣ್ರಪ್ಪ," ಎಂದರು ಸಾಹೇಬರು, ಫೋನಿನ ಡಬ್ಬಿ ತೆಗೆಯುತ್ತ. "ಲೈನ್ ಕ್ಲಿಯರ್ ಕೇಳೋದು, ಕೊಡೋದು, ವಾಪಸ್ ಮಾಡೋದು, ಎಲ್ಲಾ ಗ್ರೂಪಲ್ಲಿ ಮೆಸೇಜು. ಬಾಯ್ಮಾತಿಗೆ ಸಾಕ್ಷಿ ಇರಲ್ಲ. ನಾಳೆ ಏನಾದ್ರೂ ಆದ್ರೆ ನಾನ್ ಹೇಳಿದ್ದೆ, ನೀನ್ ಕೇಳಿಸ್ಕೊಳ್ಲಿಲ್ಲ ಅಂತ ಜಗಳ. ಮೆಸೇಜ್ ಇದ್ರೆ ನಿಮ್ಗೂ ರಕ್ಷಣೆ."

"ಸಾರ್, ಕರೆಂಟು ಹೊಡೆಯೋಕ್ ಮುಂಚೆ ಅದೂ ಒಂದ್ ಮೆಸೇಜ್ ಕಳ್ಸುತ್ತಾ?" ಎಂದ ಮುನಿರಾಜು.

ಸಾವಿತ್ರಮ್ಮ ನಿದ್ದೆಗಣ್ಣಲ್ಲೇ ನಕ್ಕರು. ಸಾಹೇಬರೂ ನಕ್ಕರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನಮಗಿಂತ ತುಂಬ ಚಿಕ್ಕವರಾದರೂ ನಮ್ಮನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಸೆಕ್ಷನ್ ಆಫೀಸಿನಲ್ಲೇ ಹೀಗಾದರೆ ತೋಪುಗಳ ನಡುವೆ ಹೇಗೆ ಎಂದು ಒಳಗೇ ಅಂದುಕೊಂಡೆ.

ಲೈನ್ ಕ್ಲಿಯರ್ ಅಂದರೆ ಏನೆಂದು ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಗೊತ್ತು. ಅವರ ಮನೆಯವರೂ ಓದಲಿ ಎಂದು ಹೇಳುತ್ತೇನೆ. ಹನ್ನೊಂದು ಸಾವಿರ ವೋಲ್ಟಿನ ಲೈನನ್ನು ಮುಟ್ಟಬೇಕಾದರೆ, ಸ್ಟೇಷನ್ನಿನ ಆಪರೇಟರ್ ಆ ಲೈನನ್ನು ಆಫ್ ಮಾಡಿ "ಇನ್ನು ಮುಟ್ಟಬಹುದು" ಎಂದು ಮಾತು ಕೊಡಬೇಕು. ಕೆಲಸವಾದ ಮೇಲೆ ನಾವು ಕೆಳಗಿಳಿದು ಆ ಮಾತನ್ನು ವಾಪಸ್ ಮಾಡಬೇಕು. ವಾಪಸ್ ಬರುವ ತನಕ ಆಪರೇಟರ್ ಸ್ವಿಚ್ಚಿನ ಹತ್ತಿರ ಕೈ ಒಯ್ಯುವ ಹಾಗಿಲ್ಲ. ಕಂಬದ ಮೇಲಿನವನ ಪ್ರಾಣ ಮೈಲಿಗಟ್ಟಲೆ ದೂರದಲ್ಲಿ, ಅವನಿಗೆ ಕಾಣದ ಒಬ್ಬರ ಬೆರಳ ತುದಿಯಲ್ಲಿರುತ್ತದೆ. ಕರೆಂಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸತ್ತ ತಂತಿಯೂ ಜೀವವಿರುವ ತಂತಿಯೂ ನೋಡಲು ಒಂದೇ. ಇಷ್ಟು ವರ್ಷ ಅದರ ಜೊತೆ ಬಾಳಿದ ಮೇಲೂ ನನಗೆ ಇದರ ಭಯ ಹೋಗಿಲ್ಲ. ಹೋಗಬಾರದು ಕೂಡ.

ನಾವು ಸೇರಿದಾಗ ಮಾತನ್ನು ಹೊತ್ತು ತರುತ್ತಿದ್ದುದು ಸೈಕಲ್ಲು. ಒಬ್ಬ ಚೀಟಿ ತೆಗೆದುಕೊಂಡು ಸ್ಟೇಷನ್ನಿಗೆ ತುಳಿಯುತ್ತಿದ್ದ, ಆಪರೇಟರ್ ರುಜು ಹಾಕಿಸಿಕೊಂಡು ಬರುತ್ತಿದ್ದ. ಅಲ್ಲಿಯವರೆಗೂ ನಾವು ಕಂಬದ ಬುಡದಲ್ಲಿ ಬೀಡಿ ಸೇದುತ್ತ ಕೂರಬೇಕು. ನಮಗೆ ಕೆಲಸ ಕಲಿಸಿದ ತಿಮ್ಮಯ್ಯ ಮೇಸ್ತ್ರಿಗಳು, ಚೀಟಿ ಕೈಗೆ ಬಂದ ಮೇಲೂ ಮೊದಲು ಬೆರಳಲ್ಲಿ ತಂತಿ ಮುಟ್ಟಲು ಬಿಡುತ್ತಿರಲಿಲ್ಲ. "ಕೈಯ ಹಿಂಭಾಗದಲ್ಲಿ ಸವರಬೇಕು ಕಣ್ಲಾ. ಶಾಕು ಹೊಡೆದ್ರೆ ಕೈ ಮುದುರ್ಕೊಳ್ತದೆ. ಹಿಡ್ಕೊಂಡಿದ್ರೆ ಬಿಡಕ್ಕಾಗಲ್ಲ, ಸವರಿದ್ರೆ ಆಚೆ ಬರ್ತದೆ," ಎನ್ನುತ್ತಿದ್ದರು. ಆಮೇಲೆ ಹಲ್ಲು ಕಿರಿದು, "ಹನ್ನೊಂದು ಸಾವಿರಕ್ಕೆ ಹಿಂಭಾಗ ಮುಂಭಾಗ ಎರಡೂ ಒಂದೇ ಬಿಡ್ಲಾ" ಎಂದು ಸೇರಿಸುತ್ತಿದ್ದರು.

ಆಮೇಲೆ ಊರಿನ ಹಿಟ್ಟಿನ ಮಿಲ್ಲಿಗೆ ಫೋನು ಬಂತು, ಅಲ್ಲಿಂದ ಸ್ಟೇಷನ್ನಿಗೆ ಮಾತಾಡುತ್ತಿದ್ದೆವು; ಆಮೇಲೆ ಗುಂಡಿ ಒತ್ತುವ ಮೊಬೈಲು. ಆ ಚಿಕ್ಕ ಮೊಬೈಲಿನ ಕಾಲವೇ ನಮಗೆ ಸುಖದ್ದು. ಸಾವಿತ್ರಮ್ಮ ಈ ಸ್ಟೇಷನ್ನಿಗೆ ಬಂದ ಮೇಲೆ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಕೆಲಸ ಮುಗಿಯಿತು ಎಂದು ನಾನು ಹೇಳಿದರೆ ಸಾಲದು. "ಮೇಲೆ ಹತ್ತಿದ್ದವ್ರು ಯಾರು? ಅವ್ರ ಕೈಗೆ ಕೊಡಿ ಫೋನು," ಎನ್ನುತ್ತಿದ್ದರು. ಹತ್ತಿದವನ ದನಿ ಕೇಳಿಸಿಕೊಂಡೇ ಲೈನು ಹಾಕುತ್ತಿದ್ದರು. ಮುನಿರಾಜು ಇದನ್ನು ಹಾಸ್ಯ ಮಾಡುತ್ತಿದ್ದ: "ನನ್ ಹೆಂಡ್ತಿನೂ ನಾನ್ ಮನೆಗ್ ಬಂದ್ನಾ ಇಲ್ವಾ ಅಂತ ಇಷ್ಟ್ ವಿಚಾರಿಸಲ್ಲ ತಾಯಿ!"

ಹೊಸ ಫೋನು ಬಂದ ಮೇಲೆ ಆ ಪದ್ಧತಿಗೆ ಜಾಗ ಇಲ್ಲದಂತಾಯಿತು. ಬೆರಳು ಒತ್ತಿದರೆ ಆಯಿತು. ಸಾಹೇಬರು ನಮಗೆ ಟೈಪು ಮಾಡುವ ಕಷ್ಟ ಬೇಡವೆಂದು ವಾಕ್ಯಗಳನ್ನೂ ತಾವೇ ಬರೆದು ಕೊಟ್ಟಿದ್ದರು. ಅವನ್ನು ಎತ್ತಿ ಗ್ರೂಪಿಗೆ ಹಾಕಿದರೆ ಸಾಕು. "ಕೆಲಸ ಮುಗಿದಿದೆ. ಎಲ್ಲರೂ ಕೆಳಗಿದ್ದೇವೆ. ಲೈನ್ ಚಾರ್ಜ್ ಮಾಡಬಹುದು." ಚಾರ್ಜ್ ಅಂದರೆ ಲೈನಿಗೆ ಮತ್ತೆ ಕರೆಂಟು ಬಿಡುವುದು. ಊರಿನ ಹೆಸರಿಲ್ಲ, ಹೊತ್ತಿಲ್ಲ, ಹತ್ತಿದವನ ಹೆಸರಿಲ್ಲ. ಆಗ ಅದು ಯಾರಿಗೂ ಹೊಳೆಯಲಿಲ್ಲ, ಸಾವಿತ್ರಮ್ಮನವರಿಗೂ.

ನೆಟ್ಟಿನ ಕಥೆ ಹೇಳುವುದೇ ಬೇಡ. ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಸಿಗುತ್ತಿತ್ತು, ಕೆಳಗಿಳಿದರೆ ಇಲ್ಲ. ನೀಲಗಿರಿ ತೋಪಿನೊಳಗೆ ಸುತ್ತುವ ಚಕ್ರವೊಂದೇ. ಕೆರೆ ಏರಿಯ ಆಚೆ ಒಂದು ಬಂಡೆಯಿದೆ, ಅದರ ಮೇಲೆ ಹತ್ತಿ ಕೈ ಎತ್ತಿ ಹಿಡಿದರೆ ಬರುತ್ತಿತ್ತು. ನಾನು ಹಾಗೆ ಹಿಡಿದು ನಿಂತದ್ದನ್ನು ನೋಡಿ ಕುರಿ ಮೇಯಿಸುವ ಮುದುಕಿಯೊಬ್ಬಳು "ಏನಪ್ಪಾ, ಮಳೆ ಕರೀತಿದೀಯಾ?" ಎಂದು ಕೇಳಿದ್ದುಂಟು.

ಒಂದು ಸಲ ಕಂಬ ಮುರಿದು ಬಿದ್ದಿತ್ತು. ಮುರಿದಾಗ ಒಂದು, ಸರಿ ಮಾಡಿದ ಮೇಲೆ ಒಂದು ಫೋಟೊ ಹಾಕಬೇಕೆಂದು ನಿಯಮ. ಮುರಿದ ಕಂಬದ ಫೋಟೊ ಫೋನಿನಲ್ಲೇ ಕೂತುಬಿಟ್ಟಿತು. ನಾವು ಹೊಸ ಕಂಬ ನಿಲ್ಲಿಸಿ, ಮನೆಗೆ ಹೋಗಿ, ಊಟ ಮಾಡಿ ಮಲಗಿ ಎದ್ದ ಮೇಲೆ, ಬೆಳಿಗ್ಗೆ ಹೊರಟು ಹೋಯಿತು. ಸಾಹೇಬರು ಗಾಬರಿಯಿಂದ ಮತ್ತೊಂದು ಗ್ಯಾಂಗನ್ನು ಲಾರಿಯಲ್ಲಿ ಕಂಬದ ಸಮೇತ ಕಳಿಸಿದರು. ಆ ಗ್ಯಾಂಗಿನವರು ಬಂದು ನೆಟ್ಟಗೆ ನಿಂತ ಹೊಸ ಕಂಬವನ್ನು ನೋಡಿ ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮುನಿರಾಜು ಒಂದು ವಾರ ಆ ಕಥೆ ಹೇಳಿಕೊಂಡು ನಕ್ಕ. ನಾನೂ ನಕ್ಕೆ. ತಡವಾಗಿ ಹೋಗುವುದು ಮುರಿದ ಕಂಬದ ಫೋಟೊ ಒಂದೇ ಆಗಿರಬೇಕಾಗಿಲ್ಲ ಎಂದು ಇಬ್ಬರಿಗೂ ತೋಚಲಿಲ್ಲ.

ಮುಂಗಾರಿಗೆ ಮುಂಚಿನ ಒಂದು ದಿನ ಮಧ್ಯಾಹ್ನ ಜೋರು ಗಾಳಿ ಎದ್ದಿತು. ಕೆರೆ ಏರಿಯ ಹತ್ತಿರ ನೀಲಗಿರಿ ಕೊಂಬೆ ಲೈನಿನ ಮೇಲೆ ಬಿದ್ದು ಇಡೀ ಫೀಡರಿಗೆ, ಅಂದರೆ ಆ ಲೈನಿನ ಎಲ್ಲ ಹಳ್ಳಿಗಳಿಗೆ, ಕರೆಂಟು ಹೋಯಿತು. ನಾನು, ಮುನಿರಾಜು ಹೋಗಿ, ಫೋನಿನಲ್ಲೇ ಲೈನ್ ಕ್ಲಿಯರ್ ತೆಗೆದುಕೊಂಡು, ಕೊಂಬೆ ತೆಗೆದೆವು. ಕೆಳಗಿಳಿದ ಮೇಲೆ ನಾನು ಗ್ರೂಪಿಗೆ ಸಾಹೇಬರ ವಾಕ್ಯ ಹಾಕಿದೆ. ಮೆಸೇಜಿನ ಪಕ್ಕ ಪುಟ್ಟ ಗಡಿಯಾರದ ಗುರುತು ಬಂದು ಕೂತಿತು. ಹೋಗಲಿಲ್ಲ. ಕಾದು ಸಾಕಾಗಿ ಸಾವಿತ್ರಮ್ಮನವರಿಗೆ ಫೋನು ಮಾಡಿದೆ. ಪುಣ್ಯಕ್ಕೆ ಮಾತು ಸಿಕ್ಕಿತು.

"ಅಣ್ಣಾ, ಮೆಸೇಜ್ ಬಂದಿಲ್ವಲ್ಲ?"

"ನೆಟ್ಟಿಲ್ಲಮ್ಮ. ಇಬ್ರೂ ಕೆಳಗಿದೀವಿ, ಚಾರ್ಜ್ ಮಾಡಿ."

"ಮುನಿಯಣ್ಣನ ಕೈಗೆ ಕೊಡಿ ಒಂದ್ಸಲ."

"ನೆಲದ್ ಮೇಲೇ ನಿಂತಿದೀನಿ ತಾಯಿ, ಜೀವಂತವಾಗಿ," ಎಂದ ಅವನು. ಅವರು ಲೈನು ಹಾಕಿದರು. ಆ ಕೆಲಸ ಅಲ್ಲಿಗೆ ಮುಗಿಯಿತು. ಕಳಿಸಿದ ಮೆಸೇಜು ಫೋನಿನೊಳಗೆ ಇನ್ನೂ ಕಾಯುತ್ತಲೇ ಇದೆ ಎಂಬುದು ನನ್ನ ತಲೆಯಿಂದ ಹಾರಿಹೋಯಿತು.

ಇನ್ನೂ ಕೈ ಕಾಲು ತೊಳೆದಿರಲಿಲ್ಲ, ಅದೇ ಫೀಡರಿನಲ್ಲಿ ಮುಂದಿನ ಹಳ್ಳಿಯಿಂದ ಡೈರಿ ಸೆಕ್ರೆಟರಿಯ ಫೋನು. ಡೈರಿ ಮುಂದಿನ ಕಂಬದಲ್ಲಿ ತಂತಿಯ ಕಟ್ಟು ಬಿಚ್ಚಿಕೊಂಡು ಕಿಡಿ ಹಾರುತ್ತಿದೆ, ಸಂಜೆಯ ಹಾಲು ಬರುವ ಹೊತ್ತಾಯಿತು, ಬೇಗ ಬನ್ನಿ ಎಂದು. ಹೋದೆವು. ಮತ್ತೆ ಫೋನಿನಲ್ಲೇ ಲೈನ್ ಕ್ಲಿಯರ್ ಕೇಳಿದೆ. ಸಾವಿತ್ರಮ್ಮ ಲೈನು ತೆಗೆದು, "ಆಫ್ ಆಗಿದೆ ಅಣ್ಣಾ, ಹತ್ತಿ. ನೆಟ್ ಸಿಕ್ದಾಗ ಮೆಸೇಜೂ ಹಾಕಿ, ಸಾಹೇಬ್ರು ಕೇಳ್ತಾರೆ," ಎಂದರು. ಲೈನನ್ನು ನೆಲಕ್ಕೆ ಸೇರಿಸುವ ಅರ್ತಿಂಗ್ ರಾಡು ಆ ಹೊತ್ತಿಗೆ ಇನ್ನೊಂದು ಗ್ಯಾಂಗಿನ ಜೊತೆ ಇತ್ತು. ಅದಿಲ್ಲದೆ ಹತ್ತಬಾರದು. ಹೊಸಬರು ಇದನ್ನು ಎರಡು ಸಲ ಓದಿಕೊಳ್ಳಿ. ನಾವು ಹತ್ತುತ್ತಿದ್ದೆವು, ಎಲ್ಲರೂ ಹತ್ತುತ್ತಿದ್ದರು.

ಮುನಿರಾಜು ಹತ್ತಿದ. ಹಗ್ಗ ಸೊಂಟಕ್ಕೆ ಬಿಗಿದುಕೊಂಡು, ತಂತಿಯನ್ನು ಪಿಂಗಾಣಿ ಬುರುಡೆಗೆ ಕಟ್ಟಲು ಶುರುಮಾಡಿದ. ಡೈರಿ ಕಟ್ಟೆಯ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಹೆಂಗಸರು ಗಂಡಸರು ಸಾಲಾಗಿ ಕೂತಿದ್ದರು. ನಾನು ಬುಡದಲ್ಲಿ ಕತ್ತೆತ್ತಿ ನಿಂತಿದ್ದೆ.

ಅಂಗಿ ಜೇಬಿನಲ್ಲಿ ಫೋನು ನಡುಗಿತು. ಒಂದು ಸಲವಲ್ಲ, ಬಿಡದೆ. ಗಾಳಿ ಬೀಸಿದ ಹಾಗೆ ನೆಟ್ಟು ಬಂದಿತ್ತು. ಬೆಳಗಿನಿಂದ ಬರಬೇಕಾದದ್ದೆಲ್ಲ ಒಟ್ಟಿಗೆ ಸುರಿಯುತ್ತಿತ್ತು: ಯಾರೋ ಕಳಿಸಿದ ಶುಭೋದಯದ ಹೂವು, ಭಾವಮೈದನ ಮಗನ ನಾಮಕರಣದ ಫೋಟೊ, ಆಫೀಸಿನ ಸುತ್ತೋಲೆ. ಸರಿ, ಈಗ ಲೈನ್ ಕ್ಲಿಯರ್ ಮೆಸೇಜು ಹಾಕೋಣವೆಂದು ಗ್ರೂಪು ತೆಗೆದೆ. ನನ್ನದೇ ಹಳೆಯ ಮೆಸೇಜು ಅಲ್ಲಿತ್ತು. "ಕೆಲಸ ಮುಗಿದಿದೆ. ಎಲ್ಲರೂ ಕೆಳಗಿದ್ದೇವೆ. ಲೈನ್ ಚಾರ್ಜ್ ಮಾಡಬಹುದು." ನೋಡುತ್ತಿದ್ದಂತೆ ಗಡಿಯಾರದ ಗುರುತು ಅಳಿಸಿ ಒಂದು ಟಿಕ್ಕಾಯಿತು. ಒಂದು ಎರಡಾಯಿತು. ಕೂಡಲೇ ಅದರ ಕೆಳಗೆ ಸಾಹೇಬರ ಹೆಬ್ಬೆರಳಿನ ಗುರುತು ಬಂತು.

ಓದಿದ್ದಾರೆ.

ಸ್ಟೇಷನ್ನಿಗೆ ಫೋನು ಮಾಡಿದೆ. ಎಂಗೇಜು. ಮತ್ತೆ ಮಾಡಿದೆ. ಎಂಗೇಜು. "ಚಾರ್ಜ್ ಮಾಡಬೇಡಿ" ಎಂದು ಬರೆಯಲು ಹೋದರೆ ಬೆರಳು ಬೇರೆ ಬೇರೆ ಅಕ್ಷರದ ಮೇಲೆ ಬೀಳುತ್ತಿತ್ತು. ಹೇಗೋ ಬರೆದು ಒತ್ತಿದೆ. ಪಕ್ಕದಲ್ಲಿ ಗಡಿಯಾರದ ಗುರುತು. ನೆಟ್ಟು ಮತ್ತೆ ಹೋಗಿತ್ತು. ಕೊಲ್ಲುವ ಮಾತನ್ನು ಕಳಿಸಿ, ಉಳಿಸುವ ಮಾತನ್ನು ಹಿಡಿದಿಟ್ಟುಕೊಂಡಿತ್ತು ಆ ಫೋನು.

"ಮುನಿಯಾ, ಇಳಿಯೋ! ಇಳಿಯೋ ಕೆಳಕ್ಕೆ!"

"ಯಾಕೆ, ಟೀ ಬಂತಾ?"

"ಟೀ ಅಲ್ಲ ಕಣೋ, ಕೈ ತೆಗಿ! ತಂತಿ ಬಿಡು! ಲೈನ್ ಬರ್ತೈತೆ!"

ಅವನು ನಕ್ಕ. ನಕ್ಕದ್ದು ತಪ್ಪಲ್ಲ. ಇಬ್ಬರೂ ಹರೆಯದಿಂದ ಒಬ್ಬರಿಗೊಬ್ಬರು ಕಂಬದ ಮೇಲಿರುವಾಗ ಹೀಗೆ ಹೆದರಿಸಿ ಆಟ ಆಡಿಕೊಂಡು ಬಂದವರು. "ಲೇ ಕೆಂಪಾ, ಹೊಸ ನಾಟ್ಕ ಏನಾದ್ರೂ ಕಲ್ತ್ಕೊಳೋ. ಇದು ಹಳೇದಾಯ್ತು," ಎಂದು ತಂತಿಯ ಮತ್ತೊಂದು ಸುತ್ತು ಎಳೆದ. ಅವನ ಎರಡು ಕೈಯೂ ಲೈನಿನ ಮೇಲಿದ್ದವು.

ಕಂಬವನ್ನು ಎರಡು ಕೈಯಲ್ಲಿ ತಬ್ಬಿಕೊಂಡುಬಿಟ್ಟೆ. ಅವನಿಗೆ ಹೊಡೆದರೆ ನನಗೂ ಹೊಡೆಯುತ್ತದೆ ಎಂದು ಆ ಗಳಿಗೆಯಲ್ಲಿ ಯೋಚಿಸಿರಲಿಲ್ಲ. ಬಾಯಿಂದ ಬಂದದ್ದು ಅಳು. ನಾನು ಅತ್ತದ್ದನ್ನು ಅವನು ನನ್ನ ತಾಯಿ ಹೋದ ದಿನ ಮಾತ್ರ ನೋಡಿದ್ದ.

ಮೇಲೆ ನಗು ನಿಂತಿತು. ಹಗ್ಗದ ಗಂಟು ಬಿಚ್ಚುವ ಸದ್ದು ಕೇಳಿಸಿತು. ಅವನು ಇಳಿದನೋ ಜಾರಿದನೋ, ಎದೆ ಮೊಣಕೈ ಎಲ್ಲ ತರಚಿಕೊಂಡು ನನ್ನ ಮೇಲೇ ಬಿದ್ದ. ಇಬ್ಬರೂ ಕಂಬದಿಂದ ದೂರಕ್ಕೆ ಉರುಳಿದೆವು.

ಏನೂ ಆಗಲಿಲ್ಲ. ಗಾಳಿ ಬೀಸುತ್ತಿತ್ತು. ಡೈರಿಯವರು ನಮ್ಮನ್ನು ನೋಡಿ, ಕುಡಿದಿದ್ದಾರೇನೋ ಎಂಬಂತೆ ಮುಖ ಮುಖ ನೋಡಿಕೊಂಡರು. ನಾನು ಉಸಿರು ಕಟ್ಟಿಕೊಂಡು ಫೋನು ಒತ್ತುತ್ತಲೇ ಇದ್ದೆ. ಎಂಗೇಜು. ಮುನಿರಾಜು ಎದ್ದು ಮೈ ಕೊಡವಿಕೊಂಡ. ವಿಷಯ ಹೇಳಿದೆ. ಅವನು ಕಂಬದ ಕಡೆ ನೋಡಿದ, ತಂತಿಯ ಕಡೆ ನೋಡಿದ.

"ಸಾವಿತ್ರಮ್ಮ ನನ್ ದನಿ ಕೇಳ್ದೆ ಹಾಕಲ್ಲ ಕಣೋ. ಇನ್ನೊಂದೇ ಸುತ್ತು ಉಳಿದಿರೋದು. ಹತ್ತಿ ಬಿಗಿದು ಬಂದ್ಬಿಡ್ತೀನಿ," ಎಂದು ಕಾಲು ಮುಂದಿಟ್ಟ.

ನಾನು ಅವನ ಅಂಗಿ ಹಿಂದಿನಿಂದ ಹಿಡಿದೆ. "ಬಿಡೋ." "ಬಿಡಲ್ಲ." "ಅಂಗಿ ಹರೀತದೆ ಬಿಡೋ ಗುರು!" ಎಂದು ಅವನು ಕೊಸರಾಡುತ್ತಿದ್ದ.

ಡೈರಿಯೊಳಗೆ ಹಾಲು ತಣ್ಣಗೆ ಮಾಡುವ ಮೆಷಿನ್ನು ಗುಂಯ್ ಎಂದು ಎದ್ದಿತು. ಬಾಗಿಲ ಮೇಲಿನ ಬಲ್ಬು ಹತ್ತಿತು.

"ಓ, ಬಂತು ಬಂತು!" ಎಂದು ಕಟ್ಟೆಯ ಮೇಲಿದ್ದವರೆಲ್ಲ ಕೂಗಿದರು. ಒಬ್ಬ ಹೆಂಗಸು ನಮ್ಮ ಕಡೆ ತಿರುಗಿ, "ನಿಮ್ ಹೊಟ್ಟೆ ತಣ್ಣಗಿರಲಪ್ಪ!" ಎಂದಳು.

ನನ್ನ ಕೈಯಲ್ಲಿ ಅವನ ಅಂಗಿ ಇನ್ನೂ ಇತ್ತು. ಅವನು ಮೆಲ್ಲಗೆ ಕೂತ. ನಾನೂ ಕೂತೆ.

ಆಗ ಫೋನು ಬಂತು. ಸಾವಿತ್ರಮ್ಮ. "ಅಣ್ಣಾ, ಅಷ್ಟೊತ್ತಿಂದ ಮಾಡ್ತಾನೇ ಇದೀನಿ, ಎಂಗೇಜು ಎಂಗೇಜು. ಮುನಿಯಣ್ಣ ಎಲ್ಲಿ?" ನಾನು ಅವರಿಗೆ ಮಾಡುತ್ತಿದ್ದಾಗಲೇ ಅವರು ನನಗೆ ಮಾಡುತ್ತಿದ್ದರು. ಇಬ್ಬರಿಗೂ ಎಂಗೇಜು ಕೇಳಿಸಿತ್ತು. ಅಷ್ಟರಲ್ಲಿ ಸ್ಟೇಷನ್ನಿನ ಇನ್ನೊಂದು ಫೋನಿಗೆ ಸಾಹೇಬರು ಮಾಡಿ, "ಮೆಸೇಜ್ ಬಂದಿದೆಯಲ್ಲಮ್ಮ, ಕರೆಂಟಿಲ್ದೆ ಮಗ್ಗದೋರೆಲ್ಲ ಬಾಯಿ ಬಡ್ಕೊಳ್ತಿದಾರೆ, ಇನ್ನೂ ಯಾಕೆ ಹಾಕಿಲ್ಲ?" ಎಂದು ಕೇಳಿದ್ದರು. ಆ ಮಾತಿಗೆ ಸಾವಿತ್ರಮ್ಮ ಲೈನು ಹಾಕಿದ್ದರು. ಹಾಕಿದ ಮೇಲೂ ಮನಸ್ಸು ತಡೆಯದೆ ಮತ್ತೆ ನನಗೆ ಮಾಡಿದ್ದರು.

ಮುನಿರಾಜು ಫೋನು ಕಿತ್ತುಕೊಂಡು, "ಇಲ್ಲೇ ಇದೀನಿ ತಾಯಿ," ಎಂದ. ಅದರ ಹಿಂದೆ ತಮಾಷೆಯ ಮಾತು ಬರಲಿಲ್ಲ. ಅದು ಬರಲಿಲ್ಲ ಎನ್ನುವುದರಿಂದಲೇ ಅವರಿಗೆ ಅರ್ಥವಾಯಿತು.

ಸಂಜೆ ಸಾಹೇಬರು ಜೀಪಿನಲ್ಲಿ ಬಂದರು. ಕತ್ತೆತ್ತಿ ಕಂಬ ನೋಡಿದರು. ಅಡ್ಡಪಟ್ಟಿಯ ಮೇಲೆ, ಜೀವವಿರುವ ತಂತಿಗೆ ಒಂದು ಗೇಣು ದೂರದಲ್ಲಿ, ಕೆಂಪು ಹಿಡಿಯ ಕಟಿಂಗ್ ಪ್ಲೇಯರ್ ಕೂತಿತ್ತು.

"ಅದ್ಯಾರ್ದು?"

"ನಂದೇ ಸಾರ್," ಎಂದ ಮುನಿರಾಜು. "ನಾನೂ ಅಲ್ಲೇ ಇದ್ದೆ."

ಸಾಹೇಬರು ಡೈರಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಯಾರನ್ನೂ ಬೈಯಲಿಲ್ಲ. ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, "ನಾನೇ ಹಾಕಿಸ್ದೆ ಕೆಂಪಣ್ಣ," ಎಂದಷ್ಟೇ ಹೇಳಿದರು.

ಮರುದಿನದಿಂದ ನಮ್ಮ ಸೆಕ್ಷನ್ನಿನಲ್ಲಿ ಮೆಸೇಜು ದಾಖಲೆಗೆ ಮಾತ್ರ ಎಂದಾಯಿತು. ಹತ್ತಿದವನ ದನಿ ಕೇಳದೆ ಲೈನು ಹಾಕುವಂತಿಲ್ಲ. ಫೋನು ಸಿಗದಿದ್ದರೆ, ಊರೆಲ್ಲ ಕತ್ತಲಲ್ಲಿದ್ದರೂ ಸರಿ, ಸಿಗುವ ತನಕ ಕಾಯಬೇಕು. ರಾಡು ಇಲ್ಲದೆ ಕಂಬ ಹತ್ತುವಂತಿಲ್ಲ. ಸಾಹೇಬರು ಬರೆದುಕೊಟ್ಟಿದ್ದ ವಾಕ್ಯವನ್ನು ಎಲ್ಲರ ಫೋನಿನಿಂದಲೂ ತಾವೇ ಕೂತು ಅಳಿಸಿದರು.

ಈಗ ನಾನು ರಿಟೈರಾಗಿ ಮನೆಯಲ್ಲಿದ್ದೇನೆ. ಮೊಮ್ಮಗಳು ಫೋನಿನಲ್ಲಿ ಏನೋ ಕಳಿಸಿ, "ತಾತಾ, ಹೋಯ್ತಾ ನೋಡು," ಎನ್ನುತ್ತಾಳೆ. ಗಡಿಯಾರದ ಗುರುತು ಕಂಡರೆ, ಅದು ಟಿಕ್ಕಾಗುವ ತನಕ ಈಗಲೂ ನಾನು ಫೋನು ಕೆಳಗಿಡುವುದಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳೇ, ಫೋನು ಬೇಡವೆಂದು ನಾನು ಹೇಳುವುದಿಲ್ಲ. ಅದರಿಂದ ಎಷ್ಟೋ ಅನುಕೂಲವಾಗಿದೆ. ಆದರೆ ನೀವು ಕಳಿಸಿದ ಗಳಿಗೆ ಬೇರೆ, ಅದು ತಲುಪುವ ಗಳಿಗೆ ಬೇರೆ. ಆ ಎರಡರ ನಡುವೆ ನಿಮ್ಮವನೊಬ್ಬ ಕಂಬದ ಮೇಲೆ ಹತ್ತಿರಬಹುದು. ಹೆದರಿ. ಹೆದರಿದವನ ಮಾತಿಗೆ ಯಾರಾದರೂ ನಕ್ಕರೆ ನಗಲಿ. ಮೊದಲು ಅವನನ್ನು ಇಳಿಸಿ.

ಡೈರಿ ಕಂಬದ ಘಟನೆಯಾದ ವಾರದ ಭಾನುವಾರ ನಾನು ಮುನಿರಾಜು ಮನೆಗೆ ಹೋಗಿದ್ದೆ. ಅವನು ದನದ ಕೊಟ್ಟಿಗೆಯ ಮೇಲೆ ಹತ್ತಿ, ಗಾಳಿಗೆ ಹಾರಿದ ಶೀಟು ಸರಿ ಮಾಡುತ್ತಿದ್ದ. ದೊಡ್ಡಬಳ್ಳಾಪುರದ ಬಸ್ಸು ಬಂದು ನಿಂತಿತು. ಸಾವಿತ್ರಮ್ಮ ಇಳಿದರು, ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಬ್ಯಾಗು. ಮುನಿರಾಜು ಹೆಂಡತಿ ಹೊರಗೆ ಬಂದು, "ಬನ್ನಿ ಅಕ್ಕಾ, ಒಳಗ್ ಬನ್ನಿ," ಎಂದು ಕರೆದಳು. ಅವರು ಬರಲಿಲ್ಲ. ಬೇಲಿಯ ಹತ್ತಿರವೇ ನಿಂತು ಕೊಟ್ಟಿಗೆಯ ಮೇಲಿದ್ದವನನ್ನೇ ನೋಡುತ್ತಿದ್ದರು. ಮುನಿರಾಜು ಸುತ್ತಿಗೆ ಕೆಳಗಿಟ್ಟು ಏಣಿಯಿಂದ ಇಳಿದು, ಎದುರಿಗೆ ಹೋಗಿ ನಿಂತ. ಆಮೇಲೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಕಾಫಿ ಕುಡಿದರು, ಅದೇ ಬಸ್ಸು ವಾಪಸ್ ಬಂದಾಗ ಹತ್ತಿಕೊಂಡು ಹೋದರು.